ಮಾವ ಕತ್ತರಿಸಿದ ಫ್ರೆಂಚ್ ಸಹಿ

ನನ್ನ ಸೋದರಮಾವನಿಗೆ ಯಾರ ಹೆಸರೂ ಆಗಿಬರುವುದಿಲ್ಲ. ಕಂಡಲ್ಲಿ ಕತ್ತರಿಸಿ ಹಾಕುತ್ತಾರೆ! ಜವಳಿ ಅಂಗಡಿಯವರ ಹೆಸರಾಗಲಿ, ಬೀಡಿ ಕಂಪೆನಿಯವರ ಹೆಸರಾಗಲಿ, ಹಂಚಿನ ಕಾರ್ಖಾನೆಯವರ ಹೆಸರಾಗಲಿ, ಅವರ ಕೈಗೆ ಸಿಕ್ಕಿದರೆ ಮುಗಿಯಿತು. ಆದ್ದರಿಂದ ಈ ಬರಹದಲ್ಲಿ ಅವರ ಹೆಸರನ್ನೂ ನಾನು ಹೇಳುವುದಿಲ್ಲ. ಹೇಳಿದರೆ ಅದನ್ನು ಕತ್ತರಿಸಲು ಬಂದಾರು, ಆಮೇಲೆ ಆ ತುಂಡನ್ನು ಹುಡುಕಲು ನಾನು ಊರೂರು ಅಲೆಯಬೇಕಾದೀತು. ಒಮ್ಮೆ ಅಲೆದದ್ದೇ ನನಗೆ ಈ ಜನ್ಮಕ್ಕೆ ಸಾಕು.

ತಪ್ಪು ತಿಳಿಯಬೇಡಿ. ಮಾವ ಜಗಳಗಂಟರಲ್ಲ, ಪಟಗಳಿಗೆ ಕಟ್ಟು ಹಾಕುವವರು. ಉಡುಪಿಯಲ್ಲಿ ರಥಬೀದಿಗೆ ಹೋಗುವ ಒಂದು ಓಣಿಯಲ್ಲಿ ಅವರ ಅಂಗಡಿ. ನಮ್ಮ ಕಡೆ ದೇವರ ಪಟವನ್ನು ಅಂಗಡಿಯಿಂದ ಕೊಂಡು ತರುವವರು ಎಷ್ಟು ಜನ? ಹೊಸ ವರ್ಷಕ್ಕೆ ಪುಕ್ಕಟೆಯಾಗಿ ಸಿಗುವ ಕ್ಯಾಲೆಂಡರಿನಲ್ಲಿ ಹೇಗೂ ದೇವರಿರುತ್ತಾರೆ. ಹನ್ನೆರಡು ತಿಂಗಳು ತಾರೀಕು ನೋಡಿ ಮುಗಿದ ಮೇಲೆ ದೇವರನ್ನು ಎಸೆಯಲು ಮನಸ್ಸು ಬಾರದು, ಸುರುಳಿ ಸುತ್ತಿ ಮಾವನ ಅಂಗಡಿಗೆ ತರುತ್ತಾರೆ. ಮಾವ ಕೆಳಗಿನ ತಾರೀಕು, ಅಂಗಡಿಯ ಹೆಸರು, ವಿಳಾಸ ಎಲ್ಲವನ್ನೂ ಒಂದೇ ಎಳೆತಕ್ಕೆ ಕತ್ತರಿಸಿ, ಗಾಜು ಹಾಕಿ, ಮೊಳೆ ಹೊಡೆದು ಕೊಡುತ್ತಾರೆ. ವರ್ಷವಿಡೀ ಸೋಪಿನ ಜಾಹೀರಾತು ಹೊತ್ತುಕೊಂಡು ನಿಂತಿದ್ದ ಲಕ್ಷ್ಮಿ ಮಾವನ ಕತ್ತರಿ ತಾಗಿದ ಕೂಡಲೇ ಪೂಜೆಗೆ ಯೋಗ್ಯಳಾಗುತ್ತಾಳೆ. ಕತ್ತರಿಸಿದ ಕಾಗದವನ್ನೂ ಮಾವ ಎಸೆಯುವುದಿಲ್ಲ. ಉದ್ದುದ್ದ ಪಟ್ಟಿ ಮಾಡಿಟ್ಟುಕೊಂಡು, ಬೇರೆ ಪಟಗಳ ಹಿಂಬದಿಯ ಸಂದಿಗೆ ಮೈದಾ ಅಂಟಿನಿಂದ ಅಂಟಿಸುತ್ತಾರೆ. ಹುಳ ಒಳಗೆ ಹೋಗದಿರಲಿ ಎಂದು. ಈ ಪಟ್ಟಿಯ ವಿಷಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನನ್ನ ಕಷ್ಟಗಳೆಲ್ಲ ಅಲ್ಲಿಂದಲೇ ಶುರುವಾದದ್ದು.

ಕಸುಬು ಸರಳ. ಮಾವ ಸರಳವಲ್ಲ. ಪಟ ತಂದವರನ್ನು ಮೊದಲು ಕೇಳುವುದು, ಯಾವ ಗೋಡೆಗೆ ಎಂದು. ಪಶ್ಚಿಮದ ಗೋಡೆ ಎಂದರೆ ಪಟವನ್ನು ಮುಟ್ಟುವುದೇ ಇಲ್ಲ. ಮಳೆಗಾಲದಲ್ಲಿ ಪಸೆ ಬರುತ್ತದೆ, ಹೋಗಿ ಬೇರೆ ಗೋಡೆ ನೋಡಿಕೊಂಡು ಬನ್ನಿ ಎನ್ನುತ್ತಾರೆ. ಜನ ಹೊಸ ಗೋಡೆ ಎಲ್ಲಿಂದ ತರಬೇಕು? ಒಮ್ಮೆ ಪಡುಬಿದ್ರಿಯ ಹೆಂಗಸೊಬ್ಬರು ಮಗಳ ಮದುವೆಯ ಫೋಟೋ ತಂದಿದ್ದರು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು. ಇದರಲ್ಲಿ ಮದುಮಗಳಿಗೆ ಹಸಿವಾಗಿದೆ, ಊಟ ಆದ ಮೇಲೆ ತೆಗೆದ ಫೋಟೋ ಉಂಟಾ ನೋಡಿ ಎಂದರು. ಆ ತಾಯಿಗೆ ಸಿಟ್ಟು ಬಂತು, ಬಾರದೆ ಇರುತ್ತದೆಯೇ? ಆದರೆ ಮರುದಿನ ಅವರು ಊಟದ ನಂತರದ ಫೋಟೋ ಹುಡುಕಿ ತಂದರು. ಅದರಲ್ಲಿ ಹುಡುಗಿ ನಿಜವಾಗಿಯೂ ಚೆನ್ನಾಗಿ ಕಾಣುತ್ತಿದ್ದಳು! ಇಂಥ ಗೆಲುವುಗಳಿಂದಲೇ ನಮ್ಮ ಮಾವ ಕೆಟ್ಟದ್ದು.

ಅವರ ತಂಗಿಯ ಮಗಳಾಗಿ ಹುಟ್ಟಿದ್ದು ನನ್ನ ತಪ್ಪಲ್ಲ. ಇಂಗ್ಲಿಷ್ ಕಲಿತು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದದ್ದು ಮಾತ್ರ ನನ್ನದೇ ತಪ್ಪು. ಗಣಿತ ಕಲಿತಿದ್ದರೆ ಇಷ್ಟು ಹೊತ್ತಿಗೆ ಅಂಬಲಪಾಡಿಯ ನನ್ನ ಮನೆಯಲ್ಲಿ ಕಾಲು ಚಾಚಿ ಕುಳಿತಿರುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಒಂದು ಸೋಮವಾರ ಮಾವನ ಅಂಗಡಿಗೆ ಫ್ರಾನ್ಸಿನ ಹೆಂಗಸೊಬ್ಬರು ಬಂದರು. ಯಕ್ಷಗಾನ ಕಲಿಯಬೇಕೆಂದು ಅಷ್ಟು ದೂರದಿಂದ ಬಂದು, ಪರ್ಕಳದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಗುರುಗಳೊಬ್ಬರ ಮನೆಯಂಗಳದಲ್ಲಿ ಹೆಜ್ಜೆ ಕಲಿಯುತ್ತಿದ್ದರಂತೆ. ಕನ್ನಡವನ್ನೂ ಪ್ರಸಂಗಗಳಿಂದಲೇ ಕಲಿತಿದ್ದರು. ಬೆಂಡೆಕಾಯಿ ಕೊಳ್ಳುವಾಗಲೂ ‘ಎಲೈ ವ್ಯಾಪಾರಿಯೇ’ ಎನ್ನುತ್ತಿದ್ದರು ಎಂದು ಪರ್ಕಳದವರು ಹೇಳುತ್ತಾರೆ. ನಾನು ಕೇಳಿಲ್ಲ, ಆದರೆ ನಂಬುತ್ತೇನೆ. ಯಾಕೆಂದರೆ ಮಾವನ ಕೈಗೆ ಒಂದು ರಟ್ಟಿನ ಕೊಳವೆ ಕೊಟ್ಟು, “ಇದಕ್ಕೆ ಕಟ್ಟನ್ನು ಹಾಕುವಂಥವರಾಗಿ. ಗುರುವಾರದಂದು ಆಗಮಿಸುತ್ತೇನೆ” ಎಂದರಂತೆ. ಮಾವ ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಗೋಡೆ ಯಾವುದೆಂದು ಕೇಳಲು ಮರೆತರು.

ಕೊಳವೆಯೊಳಗೆ ಇದ್ದದ್ದು ದಪ್ಪ ಕಾಗದದ ಒಂದು ದೊಡ್ಡ ಚಿತ್ರ. ಹೆಂಗಸೊಬ್ಬಳು ಕುರ್ಚಿಯ ತುದಿಯಲ್ಲಿ ನಮಗೆ ಬೆನ್ನು ಮಾಡಿ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಾಳೆ. ಸೊಂಟದವರೆಗೆ ಬೆನ್ನಿಗೆ ಬಟ್ಟೆಯಿಲ್ಲ. ಚಿತ್ರದ ಕೆಳಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ, ನಡುವೆ ತಾರೀಕುಗಳು. ಅದಕ್ಕೂ ಕೆಳಗಿನ ಬಿಳಿ ಜಾಗದಲ್ಲಿ ಪೆನ್ಸಿಲಿನಿಂದ ಏನೋ ಗೀಚಿದ್ದು. ಮೇಲೆ ಚಿತ್ರ, ಕೆಳಗೆ ಹೆಸರು ಮತ್ತು ತಾರೀಕು! ಮೂವತ್ತು ವರ್ಷ ಕ್ಯಾಲೆಂಡರ್ ಕತ್ತರಿಸಿದ ಕಣ್ಣಿಗೆ ಅದು ಇನ್ನೇನಾಗಿ ಕಂಡೀತು? ಫ್ರಾನ್ಸಿನಲ್ಲಿಯೂ ಅಂಗಡಿಯವರು ಹೊಸ ವರ್ಷಕ್ಕೆ ಕ್ಯಾಲೆಂಡರ್ ಕೊಡುತ್ತಾರೆ, ಅಲ್ಲಿಯ ಮಕ್ಕಳೂ ಅದರ ಮೇಲೆ ಗೀಚುತ್ತಾರೆ ಎಂದು ಮಾವ ತಿಳಿದರು. ಅಳತೆಪಟ್ಟಿ ಇಟ್ಟು ಸರ್ರನೆ ಕತ್ತರಿಸಿದರು. ಚಿತ್ರಕ್ಕೆ ಒಳ್ಳೆಯ ಸಾಗುವಾನಿಯ ಕಟ್ಟು ಹಾಕಿದರು.

ಗುರುವಾರ ಆ ಹೆಂಗಸು ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಮೂರನೆಯ ವಾರ ಬಂದವರು ಡ್ರಾಯಿಂಗ್ ಮಾಸ್ಟ್ರೊಬ್ಬರು. ಅವರು ತಮ್ಮ ಕೆಲಸ ಮರೆತು ಆ ಚಿತ್ರದ ಮುಂದೆ ನಿಂತುಬಿಟ್ಟರು. ಇದನ್ನು ಬರೆದವನು ಫ್ರಾನ್ಸಿನಲ್ಲಿ ಹೆಸರಾದ ಚಿತ್ರಕಾರ, ಉಳಿದವರೆಲ್ಲ ಕಿವಿಯ ಜಾಗದಲ್ಲಿ ಕಣ್ಣು ಬರೆಯುತ್ತಿದ್ದಾಗ ಇವನೊಬ್ಬ ಮನುಷ್ಯರನ್ನು ಮನುಷ್ಯರ ಹಾಗೆ ಬರೆದವನು, ಇದು ಅವನ ಚಿತ್ರಪ್ರದರ್ಶನದ ಪೋಸ್ಟರ್, ಪತ್ರಿಕೆಯಲ್ಲಿ ನೋಡಿದ್ದೇನೆ ಎಂದೆಲ್ಲ ವಿವರಿಸಿದರು. ಮಾವ ತಲೆಯಾಡಿಸಿದರು. ಆಮೇಲೆ ಮಾಸ್ಟ್ರು, ಇದರ ಕೆಳಗೆ ಅಕ್ಷರ ಇದ್ದಿರಬೇಕಲ್ಲ ಎಂದು ಕೇಳಿದರು. ಇತ್ತು, ಕತ್ತರಿಸಿದೆ ಎಂದರು ಮಾವ. ಪೆನ್ಸಿಲಿನಲ್ಲಿ ಏನಾದರೂ ಇತ್ತೇ ಎಂದು ಕೇಳಿದಾಗ, ಮಕ್ಕಳು ಗೀಚಿದ್ದು ಇತ್ತು ಎಂದರು. ಮಾಸ್ಟ್ರು ಬೆಂಚಿನ ಮೇಲೆ ಕುಳಿತುಕೊಂಡರು. ಅದು ಮಕ್ಕಳದ್ದಲ್ಲ ಮಾರಾಯರೆ, ಆ ಚಿತ್ರಕಾರನ ಸ್ವಂತ ಸಹಿ ಎಂದರು.

ಮಾವ ಅಂಗಡಿಗೆ ಬೀಗ ಹಾಕಿ ನೇರ ನಮ್ಮ ಶಾಲೆಗೆ ಬಂದರು. ಮಧ್ಯಾಹ್ನದ ಊಟದ ಹೊತ್ತು. ನನ್ನ ಬುತ್ತಿಯ ಮುಂದೆ ನಿಂತು ನಡೆದದ್ದನ್ನು ಹೇಳಿದರು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ, ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಕ್ಷಮಿಸಿ. “ಒಬ್ಬರು ನಂಬಿ ಕೊಟ್ಟ ವಸ್ತು ಮಾರಾಯ್ತಿ. ಕೇಳದೆ ಕತ್ತರಿಸಿದೆ. ಆ ತುಂಡು ಸಿಗಬೇಕು. ಅದನ್ನು ಸರಿ ಮಾಡಿ ಅವರ ಕೈಯಲ್ಲೇ ಕೊಡಬೇಕು. ಕೊಡುವಾಗ ನಾನು ಕತ್ತರಿಸಿದ್ದೆ ಅಂತ ಹೇಳಬೇಕು.” ಅವರಿಗೆ ಬೇಕಾದದ್ದು ಇಷ್ಟೇ. ಇಷ್ಟಕ್ಕೆ ಎಂಟು ವರ್ಷ ಹಿಡಿಯಿತು.

ಮೊದಲು ಪರ್ಕಳಕ್ಕೆ ಹೋದೆವು. ಕೋಣೆ ಖಾಲಿಯಾಗಿತ್ತು. ಚಿತ್ರ ಕೊಟ್ಟ ವಾರದ ಬುಧವಾರವೇ ಒಂದು ತಂತಿ ಬಂದು, ಅದೇ ಸಂಜೆ ಆಕೆ ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋದರು ಎಂದು ಮನೆಯೊಡತಿ ಹೇಳಿದರು. ಯಾರಿಗೆ ಏನಾಯಿತೆಂದು ಅವರಿಗೆ ಗೊತ್ತಿಲ್ಲ. ಕಸದ ಜೊತೆ ಉಳಿದಿದ್ದ ಒಂದು ಹಳೆಯ ಲಕೋಟೆ ಹುಡುಕಿ ಕೊಟ್ಟರು. ಅದರ ಹಿಂಬದಿಯಲ್ಲಿ ಕಳುಹಿಸಿದವರ ವಿಳಾಸವಿತ್ತು. ಫ್ರಾನ್ಸಿನದೇ ವಿಳಾಸ. ಮಾವ ಅದನ್ನು ಎರಡು ಕೈಯಿಂದ ತೆಗೆದುಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಇನ್ನು ಕತ್ತರಿಸಿದ ತುಂಡು. ಮಾವ ಅದನ್ನು ವಾಡಿಕೆಯಂತೆ ಪಟ್ಟಿ ಮಾಡಿ, ಎರಡು ಪಟಗಳ ಬೆನ್ನಿಗೆ ಅಂಟಿಸಿಬಿಟ್ಟಿದ್ದರು! ಯಾವ ಪಟಗಳಿಗೆ ಎಂದು ನೆನಪು ಮಾಡಿಕೊಳ್ಳಲು ಎರಡು ದಿನ ಬೇಕಾಯಿತು. ಒಂದು ಕಾಪುವಿಗೆ ಹೋಗಿತ್ತು, ಇನ್ನೊಂದು ಕಾರ್ಕಳಕ್ಕೆ.

ಕಾಪುವಿನಲ್ಲಿ ದೀಪಸ್ತಂಭದ ಹತ್ತಿರದ ಮೀನುಗಾರರ ಮನೆ. ಹೊಸ ಮನೆಯ ಪ್ರವೇಶದ ಒಕ್ಕಲಿಗೆಂದು ಗಣಪತಿಯ ಪಟಕ್ಕೆ ಕಟ್ಟು ಹಾಕಿಸಿದ್ದರು. ನಾವು ಹೋದದ್ದು ಶುಕ್ರವಾರ. ಗಣಪತಿಯ ಬೆನ್ನು ಸ್ವಲ್ಪ ನೋಡಬೇಕಿತ್ತು ಎಂದು ನಾನು ಹೇಗೆ ಹೇಳಲಿ? ಹೇಳಿದೆ. ಮನೆಯ ಹಿರಿಯಮ್ಮ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ, ಹೂ ಮುಡಿಸಿದ ದೇವರನ್ನು ಶುಕ್ರವಾರ ಗೋಡೆಯಿಂದ ಇಳಿಸುವ ಕ್ರಮ ತಮ್ಮಲ್ಲಿಲ್ಲ, ನಾಳೆ ಬನ್ನಿ ಎಂದರು. ಎಳನೀರು ಕೊಟ್ಟು ಕಳುಹಿಸಿದರು. ಶನಿವಾರ ಮತ್ತೆ ಅದೇ ಬಸ್ಸು, ಅದೇ ಬಿಸಿಲು. ಸಮುದ್ರದ ಗಾಳಿಗೆ ಅಂಟು ಮೆತ್ತಗಾಗಿತ್ತು. ಒದ್ದೆ ಬಟ್ಟೆ ತಾಗಿಸಿದ್ದೇ ಪಟ್ಟಿ ಎದ್ದು ಬಂತು. ಪೆನ್ಸಿಲಿನ ಸಹಿ ಹಾಗೆಯೇ ಇತ್ತು. ಮಾವ ಅದನ್ನು ನೋಡಿ ಗಣಪತಿಗೆ ಕೈಮುಗಿದರು. ಹಿರಿಯಮ್ಮ, ಈಗ ನಮ್ಮ ದೇವರ ಬೆನ್ನಿಗೆ ಎಂತ ಗತಿ ಎಂದು ಕೇಳಿದಾಗ, ಮಾವ ಹೊಸ ಪಟ್ಟಿ ಅಂಟಿಸಿ, ಮಾಲೆ ಹಾಕಲು ಒಂದು ಮೊಳೆಯನ್ನೂ ಹೊಡೆದುಕೊಟ್ಟರು.

ಕಾರ್ಕಳದ್ದು ಇನ್ನೂ ಕಷ್ಟ. ಅಲ್ಲಿ ಪಟ್ಟಿ ಇದ್ದದ್ದು ನಿವೃತ್ತ ಶಾನುಭೋಗರೊಬ್ಬರ ಸ್ವಂತ ಭಾವಚಿತ್ರದ ಹಿಂದೆ. ಶಾಲು ಹೊದ್ದು, ಕೈಯಲ್ಲಿ ಕೋಲು ಹಿಡಿದು ಕುಳಿತ ಚಿತ್ರ. ಅದರ ಬೆನ್ನಿಗೆ ಯಾವುದೋ ಪರದೇಶದ ಅಕ್ಷರ ಅಂಟಿಸಿದೆ ಎಂದು ತಿಳಿದದ್ದೇ ಅವರು ಎದ್ದು ನಿಂತರು. ಆ ಪಟ ಮನೆಗೆ ಬಂದ ದಿನದಿಂದ ತಮಗೆ ಸೊಂಟ ನೋವು, ಎಷ್ಟು ಎಣ್ಣೆ ತಿಕ್ಕಿದರೂ ಹೋಗಿಲ್ಲ, ಈಗ ಕಾರಣ ಗೊತ್ತಾಯಿತು ಎಂದು ಮನೆಯವರನ್ನೆಲ್ಲ ಕರೆದರು. ಮಾವ ಪಟ್ಟಿ ಬಿಡಿಸುವಾಗ ಶಾನುಭೋಗರು ಸೊಂಟ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಪೂರ್ತಿ ಬಿಟ್ಟು ಬಂದ ಮೇಲೆ ಬಗ್ಗಿ ನೋಡಿ, ಹೌದು, ಹಗುರಾಯಿತು ಎಂದರು! ನಮಗೆ ಪಾಯಸದ ಊಟವಾಯಿತು. ವಾಪಸು ಬರುವ ಬಸ್ಸಿನಲ್ಲಿ ಕುಳಿತುಕೊಳ್ಳಲು ಜಾಗ ಸಿಗದೆ ನನ್ನ ಸೊಂಟ ಹಿಡಿದುಕೊಂಡಿತು, ಅದನ್ನು ಕೇಳುವವರಿಲ್ಲ.

ಮಾವ ಎರಡು ತುಂಡನ್ನೂ ಚಿತ್ರದ ಕೆಳಗೆ ಕೂಡಿಸಿದರು. ಒಂದು ವಾರ ಬೇರೆ ಕೆಲಸ ಮುಟ್ಟಲಿಲ್ಲ. ಎಲ್ಲಿ ಕತ್ತರಿಸಿದ್ದು ಎಂದು ಬೆರಳು ಇಟ್ಟು ತೋರಿಸಿದರೂ ನನಗೆ ಕಾಣಲಿಲ್ಲ. ಇನ್ನು ಯಾರಿಗೂ ಹೇಳಬೇಕಾಗಿಲ್ಲ, ಗೊತ್ತೇ ಆಗುವುದಿಲ್ಲ ಎಂದೆ. ಮಾವ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಗಾಜು ಹಾಕತೊಡಗಿದರು.

ಆ ಪಟ ಅಂಗಡಿಯ ಗೋಡೆಯ ಮೇಲೆ ಕಾಯತೊಡಗಿತು. ಸುತ್ತ ಮುತ್ತ ಲಕ್ಷ್ಮಿ, ಸರಸ್ವತಿ, ವೆಂಕಟರಮಣ. ನಡುವೆ ತಲೆ ಬಾಚಿಕೊಳ್ಳುವ ಈ ಬರಿಬೆನ್ನಿನ ಹೆಂಗಸು. ಗಿರಾಕಿಗಳು ಮುಜುಗರ ಪಟ್ಟರು. ಒಬ್ಬ ಹಿರಿಯರು, ಇದನ್ನು ಗೋಡೆಯ ಕಡೆಗೆ ತಿರುಗಿಸಿಡಿ ಎಂದರು. ಅವಳು ಈಗಾಗಲೇ ತಿರುಗಿಯೇ ಕುಳಿತಿದ್ದಾಳೆ, ಇನ್ನು ಪಟ ತಿರುಗಿಸಿದರೆ ಎದುರು ಬಂದಾಳು ಎಂದರು ಮಾವ. ದೇವಸ್ಥಾನದ ದಾರಿಯಲ್ಲಿ ಬಟ್ಟೆಯಿಲ್ಲದ್ದು ಸರಿಯೇ ಎಂದು ಅವರು ಬಿಡದೆ ಕೇಳಿದಾಗ, ಕಾರ್ಕಳದ ಬೆಟ್ಟದ ಮೇಲೆ ನಿಂತವನಿಗೂ ಬಟ್ಟೆ ಇಲ್ಲ, ಅವನಿಗೆ ನೀವು ಹೋಗಿ ಕೈಮುಗಿದು ಬರುವುದಿಲ್ಲವೇ ಎಂದರು. ಆ ಹಿರಿಯರು ಮತ್ತೆ ಆ ಅಂಗಡಿಗೆ ಬರಲಿಲ್ಲ. ಕೆಲವರು ಹಳೆಯ ಪಟಗಳ ಹಾಗೆ ಅಶ್ವತ್ಥಕಟ್ಟೆಯ ಬುಡದಲ್ಲಿ ಬಿಟ್ಟು ಬನ್ನಿ ಎಂದು ಸಲಹೆ ಕೊಟ್ಟರು. ವಾರಸುದಾರರು ಇರುವ ವಸ್ತುವನ್ನು ದೇವರಾದರೂ ಯಾಕೆ ಇಟ್ಟುಕೊಳ್ಳುತ್ತಾನೆ ಎಂದು ಮಾವ ಒಪ್ಪಲಿಲ್ಲ.

ಇನ್ನು ಪತ್ರ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಮಾವ ವಿಮಾನದ ಅಂಚೆಯ ನೀಲಿ ಕಾಗದ ತಂದು ನನ್ನ ಮುಂದಿಡುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ ತುಳುವಿನಲ್ಲಿ ಒಂದು ಗಂಟೆ ಹೇಳುತ್ತಿದ್ದರು. ಕ್ಯಾಲೆಂಡರಿನ ವಿಷಯ, ಕತ್ತರಿಯ ವಿಷಯ, ಕಾಪು, ಕಾರ್ಕಳ, ಶಾನುಭೋಗರ ಸೊಂಟ, ಏನನ್ನೂ ಬಿಡುತ್ತಿರಲಿಲ್ಲ. ದಿನವಿಡೀ ಮಕ್ಕಳ ಇಂಗ್ಲಿಷ್ ತಿದ್ದಿ ಬಂದವಳು ನಾನು. ಬರೆದು, ಅಂಟಿಸಿ, ಅಂಚೆಗೆ ಹಾಕಿ ಮನೆಗೆ ಬಂದು ಮಲಗುತ್ತಿದ್ದೆ. ಉತ್ತರ ಬರಲಿಲ್ಲ. ಒಂದು ವರ್ಷವೂ ಬರಲಿಲ್ಲ.

ಪತ್ರ ಸಾಲದೆಂದು ಮಾವ ಮನುಷ್ಯರನ್ನೂ ಹಿಡಿಯತೊಡಗಿದರು. ಎಲ್ಲಿಯಾದರೂ ಬಿಳಿಯರು ಕಂಡರೆಂದು ಸುದ್ದಿ ಬಂದರೆ ಸಾಕು, ಭಾನುವಾರವೆಂದೂ ನೋಡದೆ ನನ್ನನ್ನು ಎಬ್ಬಿಸುತ್ತಿದ್ದರು. ಕಾಪುವಿನ ಕಡಲ ತೀರದಲ್ಲಿ ಬಿಸಿಲು ಕಾಯುತ್ತ ಮಲಗಿದ್ದ ದಂಪತಿಗಳ ತಲೆಯ ಹತ್ತಿರ ನಾನು ಕೊಡೆ ಹಿಡಿದು ನಿಂತು, ನಿಮಗೆ ಯಕ್ಷಗಾನ ಕಲಿತ ಒಬ್ಬ ಹೆಂಗಸಿನ ಪರಿಚಯವಿದೆಯೇ ಎಂದು ಕೇಳಿದ್ದೇನೆ. ಅವರು ಸ್ವೀಡನ್ನಿನವರು. ಕಾರ್ಕಳದ ಗೊಮ್ಮಟನ ಬೆಟ್ಟದ ಮೆಟ್ಟಿಲುಗಳಲ್ಲಿ ಒಬ್ಬ ಉದ್ದ ಗಡ್ಡದವನ ಹಿಂದೆ ಏದುಸಿರು ಬಿಡುತ್ತ ಹತ್ತಿದ್ದೇನೆ. ತುದಿ ತಲುಪಿ ಕೇಳಿದರೆ ಅವನು ಆಸ್ಟ್ರೇಲಿಯದವನು! ಫ್ರಾನ್ಸ್ ನಿಮಗಿಂತ ನನಗೇ ದೂರ ಎಂದ. ಮಾವನಿಗೆ ಇದನ್ನು ವಿವರಿಸಿದೆ. ಅವರು, ಆದರೂ ಅವನಿಗೆ ವಿಳಾಸ ತೋರಿಸು, ಆಚೆ ಹೋಗುವಾಗ ಕೇಳಲಿ ಎಂದರು. ನಾನು ಗೊಮ್ಮಟನ ಪಾದದ ಹತ್ತಿರ ಕುಳಿತುಬಿಟ್ಟೆ. ಎಲ್ಲವನ್ನೂ ಬಿಟ್ಟವನ ಮುಖ ಎಷ್ಟು ನೆಮ್ಮದಿಯಾಗಿರುತ್ತದೆ ಎಂದು ಅವತ್ತು ನನಗೆ ಮೊದಲ ಬಾರಿ ಹೊಟ್ಟೆಕಿಚ್ಚಾಯಿತು.

ಹೀಗೆ ಏಳೆಂಟು ವರ್ಷ. ಮಾವನ ಕಣ್ಣಿಗೆ ಪೊರೆ ಬಂತು. ಮಣಿಪಾಲದಲ್ಲಿ ಒಂದು ಕಣ್ಣಿಗೆ ಆಪರೇಷನ್ ಆಯಿತು. ಹಸಿರು ಬಟ್ಟೆ ಕಟ್ಟಿಕೊಂಡು ಮಲಗಿದ್ದವರು, ಇಲ್ಲಿ ಪರದೇಶದ ಡಾಕ್ಟರು ಯಾರಾದರೂ ಇದ್ದಾರಾ ಕೇಳು ಎಂದರು. ಆ ದಿನವೇ ನಾನು ಒಂದು ತೀರ್ಮಾನಕ್ಕೆ ಬಂದೆ. ಈ ಪಟವನ್ನು ಯಾರಾದರೂ ಬಂದು ತೆಗೆದುಕೊಂಡು ಹೋಗಬೇಕು. ಬರುವವರಿಲ್ಲದಿದ್ದರೆ ನಾನೇ ಒಬ್ಬರನ್ನು ತಯಾರು ಮಾಡಬೇಕು!

ಮಣಿಪಾಲದಲ್ಲಿ ನನ್ನ ಜೊತೆಯ ಟೀಚರೊಬ್ಬರ ಮನೆಯ ಮಹಡಿಯಲ್ಲಿ ಇಂಗ್ಲೆಂಡಿನ ಒಬ್ಬ ಹುಡುಗಿ ಕೆಲವು ತಿಂಗಳಿಗೆಂದು ಬಾಡಿಗೆಗಿದ್ದಳು. ಸಾಧು ಹುಡುಗಿ. ಅವಳನ್ನು ಹಿಡಿದು ಎಲ್ಲವನ್ನೂ ಹೇಳಿದೆ. ನೀನು ಆ ಹೆಂಗಸಿನ ತಂಗಿ, ಅಕ್ಕ ಕಳುಹಿಸಿದ್ದಾಳೆ ಎಂದು ಬಂದು ಪಟ ತೆಗೆದುಕೊಂಡು ಹೋದರೆ ಒಬ್ಬ ಮುದುಕರಿಗೆ ನೆಮ್ಮದಿ, ನನಗಂತೂ ಮೋಕ್ಷ ಎಂದೆ. ಅವಳು ಬಹಳ ಹೊತ್ತು ಯೋಚಿಸಿ ಒಪ್ಪಿದಳು.

ಒಂದು ಶನಿವಾರ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದೆ. ತಂಗಿ ಎಂದು ಕೇಳಿದ್ದೇ ಮಾವ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡರು. ಪಟವನ್ನು ಗೋಡೆಯಿಂದ ಇಳಿಸಿ, ಗಾಜು ಒರೆಸಿ, ಅವಳ ಮುಂದೆ ನಿಲ್ಲಿಸಿದರು. ಆಮೇಲೆ ಕೈಮುಗಿದು ನನ್ನ ಕಡೆ ತಿರುಗಿದರು. “ಹೇಳು. ಕೇಳದೆ ಕತ್ತರಿಸಿದ್ದು ನಾನು. ಎಲ್ಲಿ ಕತ್ತರಿಸಿದ್ದು ಅಂತ ತೋರಿಸುತ್ತೇನೆ. ಅಕ್ಕನಿಗೆ ಇದನ್ನು ಹೇಳಲೇಬೇಕು ಅಂತ ಹೇಳು.” ನಾನು ಹೇಳಿದೆ. ಆ ಹುಡುಗಿಯ ಮನಸ್ಸು ಕರಗಿತು. ಪರವಾಗಿಲ್ಲ, ಏನೂ ಆಗಿಲ್ಲ, ಅಕ್ಕನಿಗೆ ಬಹಳ ಸಂತೋಷವಾಗುತ್ತದೆ ಎಂದು ಅವರ ಕೈ ಹಿಡಿದುಕೊಂಡಳು. ಮಾವ ಅವಳ ಮುಖವನ್ನು ಒಂದು ಕ್ಷಣ ನೋಡಿದರು. ಚೆನ್ನಾಗಿ ಕಟ್ಟಿಕೊಡಬೇಕು, ಅರ್ಧ ಗಂಟೆ ಹೋಟೆಲಿನಲ್ಲಿ ಕುಳಿತು ಬನ್ನಿ ಎಂದರು. ನಾವು ಗೋಳಿಬಜೆ ತಿಂದು ಬಂದಾಗ ಕಾಗದ ಸುತ್ತಿದ ಕಟ್ಟು ಸಿದ್ಧವಾಗಿತ್ತು. ನಾನು ಹಗುರಾಗಿ ಬಸ್ಸು ಹತ್ತಿದೆ.

ಮಣಿಪಾಲದಲ್ಲಿ ಬಿಚ್ಚಿ ನೋಡಿದರೆ ಒಳಗೆ ಕೊಳಲು ಹಿಡಿದ ಕೃಷ್ಣ!

ಹುಡುಗಿಗೆ ಕೃಷ್ಣ ಬಹಳ ಹಿಡಿಸಿದ. ನನಗೆ ಮೈಯೆಲ್ಲ ಉರಿಯಿತು. ಸೋಮವಾರ ಶಾಲೆ ಬಿಟ್ಟವಳೇ ಅಂಗಡಿಗೆ ಹೋದೆ. ಆ ಹೆಂಗಸು ಗೋಡೆಯ ಮೇಲೆ ತನ್ನ ಹಳೆಯ ಜಾಗದಲ್ಲಿ ತಲೆ ಬಾಚಿಕೊಳ್ಳುತ್ತ ಕುಳಿತಿದ್ದಳು. ಮಾವ ಒಂದು ಕಟ್ಟಿಗೆ ಮೊಳೆ ಹೊಡೆಯುತ್ತಿದ್ದರು. ತಲೆ ಎತ್ತಲಿಲ್ಲ. ಕುಳಿತುಕೊಳ್ಳಲು ಹೇಳಿದರು. ನಾನು ನಿಂತೇ ಇದ್ದೆ.

“ಹೇಗೆ ಗೊತ್ತಾಯಿತು?” ಎಂದು ಕೇಳಿದೆ.

“ಬೈಯಲಿಲ್ಲ” ಎಂದರು ಮಾವ. ಸುತ್ತಿಗೆ ಕೆಳಗಿಟ್ಟರು. “ತನ್ನ ಮನೆಯ ವಸ್ತು ಹಾಳಾದರೆ ಯಾರಾದರೂ ಬೈತಾರೆ. ಬೈಯದಿದ್ದರೆ ಮುಖವಾದರೂ ಸಣ್ಣದಾಗುತ್ತದೆ. ಆ ಹುಡುಗಿಗೆ ಎಂತದೂ ಆಗಲಿಲ್ಲ. ಅಷ್ಟು ಬೇಗ ಮನ್ನಿಸಿದವರದ್ದು ಈ ಪಟ ಅಲ್ಲ.”

ಹಾಗಾದರೆ ಕೃಷ್ಣನನ್ನು ಕೊಟ್ಟದ್ದು ಯಾಕೆ ಎಂದೆ. ಪಾಪ, ನಿನ್ನ ಮಾತು ಕಟ್ಟಿಕೊಂಡು ಬಿಸಿಲಲ್ಲಿ ಬಂದ ಮಗು, ಬರಿಗೈಯಲ್ಲಿ ಕಳುಹಿಸಲಿಕ್ಕಾಗುತ್ತದಾ ಎಂದರು. ನಾನು ಬೈಗಳಿಗಾಗಿ ಕಾದೆ. ಅವರು ಬೈಯಲಿಲ್ಲ. ಆಪರೇಷನ್ ಆದ ಕಣ್ಣನ್ನು ಒರೆಸಿಕೊಂಡು ಮೆಲ್ಲಗೆ ಹೇಳಿದರು: “ನಿನಗೆ ಸಾಕಾಗಿದೆ ಅಂತ ನನಗೆ ಗೊತ್ತುಂಟು ಮಗಾ. ನಾನು ನೋಡದೆ ಇಲ್ಲ. ಇನ್ನು ನೀನು ಬರೆಯುವುದು ಬೇಡ, ಎಲ್ಲಿಗೂ ಬರುವುದು ಬೇಡ. ನಾನು ಕಾಯ್ತೇನೆ. ಬೈಸಿಕೊಳ್ಳಲಿಕ್ಕೆ ತಾನೇ, ಅದಕ್ಕೆ ಇಂಗ್ಲಿಷ್ ಬೇಕಾಗುವುದಿಲ್ಲ.”

ನಾನು ಬೆಂಚಿನ ಮೇಲೆ ಕುಳಿತುಕೊಂಡೆ. ಅಲ್ಲಿಯವರೆಗೆ ಯಾರಿಗೂ ಹೇಳಿರದ ಒಂದು ಮಾತನ್ನು ಈಗ ನಿಮಗೆ ಹೇಳಬೇಕು. ಮಾವ ಒಂದು ಗಂಟೆ ಹೇಳಿದ್ದನ್ನು ನಾನು ಪ್ರತಿ ಸಲವೂ ಎರಡು ಸಾಲು ಮಾಡುತ್ತಿದ್ದೆ. ನಿಮ್ಮ ಚಿತ್ರ ನಮ್ಮಲ್ಲಿ ಕ್ಷೇಮವಾಗಿದೆ, ಬಂದಾಗ ಪಡೆದುಕೊಳ್ಳಿ. ಅಷ್ಟೇ. ಕತ್ತರಿಸಿದ ವಿಷಯವನ್ನು ಒಂದು ಪತ್ರದಲ್ಲಿಯೂ ಬರೆಯಲಿಲ್ಲ. ಬರೆದರೆ ಆಕೆ ಏನಾದರೂ ಅಂದಾರು, ಮಾವನಿಗೆ ನೋವಾದೀತು ಎಂಬುದು ಒಂದು ನೆಪ. ಆಯಾಸವಾಗಿತ್ತು, ಬೇಗ ಮುಗಿಸಬೇಕಾಗಿತ್ತು ಎಂಬುದು ನಿಜ. ಅವರಾದರೂ ತಿಳಿಯದೆ ಕತ್ತರಿಸಿದ್ದರು. ನಾನು ತಿಳಿದೂ ತಿಳಿದೂ ಬಿಟ್ಟಿದ್ದೆ. ನನಗೆ ನಾಚಿಕೆಯಾಯಿತು.

ನೀಲಿ ಕಾಗದ ಉಂಟಾ ಎಂದು ಕೇಳಿದೆ. ಡ್ರಾಯರಿನಲ್ಲಿ ಮುಂದಿನ ವರ್ಷಕ್ಕೆಂದು ತಂದಿಟ್ಟದ್ದು ಇತ್ತು. ಅಲ್ಲೇ ಕುಳಿತು ಬರೆದೆ. ಈ ಸಲ ಮಾವ ಹೇಳಲಿಲ್ಲ, ಅಗತ್ಯವೂ ಇರಲಿಲ್ಲ. ಎಂಟು ವರ್ಷ ಕೇಳಿದ್ದು ಬಾಯಿಪಾಠವಾಗಿತ್ತು. ಕ್ಯಾಲೆಂಡರಿನಿಂದ ಹಿಡಿದು ಶಾನುಭೋಗರ ಸೊಂಟದವರೆಗೆ ಬರೆದೆ. ಜಾಗ ಸಾಲದೆ ಅಂಚಿನಲ್ಲಿಯೂ ಬರೆದೆ. ನನ್ನ ಎರಡು ಸಾಲಿನ ಮೋಸವನ್ನೂ ಬರೆದೆ.

ಎರಡು ತಿಂಗಳಿಗೆ ಉತ್ತರ ಬಂತು! ಮೂರು ಹಾಳೆ, ಎರಡೂ ಬದಿ, ಒತ್ತಿ ಒತ್ತಿ ಬರೆದ ಇಂಗ್ಲಿಷು. ಹಿಂದಿನ ಪತ್ರಗಳೆಲ್ಲ ಅವರಿಗೆ ತಲುಪಿದ್ದವು. ಅಂದು ತಾಯಿಗೆ ಕಾಯಿಲೆ ಎಂದು ತಂತಿ ಬಂದು ಹೊರಟಿದ್ದರು. ಚಿತ್ರ ಕ್ಷೇಮವಾಗಿದೆ ಎಂದು ನಾವು ವರ್ಷ ವರ್ಷ ಬರೆಯುತ್ತಿದ್ದದ್ದರಿಂದ ನಿಶ್ಚಿಂತೆಯಿಂದ ಇದ್ದುಬಿಟ್ಟರು. ಉತ್ತರ ಬರೆಯದ್ದು ಅವರ ಸೋಮಾರಿತನ. ಆದರೆ ಈಗ ನಾವು ಬರೆದದ್ದೇನು ಎಂದು ಕೇಳಿದ್ದರು.

ಪತ್ರ ಹಿಡಿದುಕೊಂಡು ಅಂಗಡಿಗೆ ಓಡಿದೆ. ಮಾವ ಕೈ ಒರೆಸಿಕೊಂಡು ಎದುರು ಕುಳಿತರು. ಅವರಿಗೆ ಸ್ವಲ್ಪ ಬೇಸರವಾದ ಹಾಗೆ ಕಾಣುತ್ತದೆ ಎಂದು ನಾನು ಮೆತ್ತಗೆ ಶುರುಮಾಡಿದೆ. ಮಾವ ಕೈ ಅಡ್ಡ ಹಿಡಿದರು. “ಬಿಡಬೇಡ. ಒಂದು ಶಬ್ದವೂ ಬಿಡಬೇಡ.”

ಆಕೆ ಬರೆದದ್ದನ್ನು ಹಾಗೆಯೇ, ಬಿಡದೆ ಹೇಳಿದೆ: ಆ ಚಿತ್ರಕಾರ ಕಾಯಿಲೆ ಬಿದ್ದ ಮೇಲೆ, ನಡುಗುವ ಕೈಯಿಂದ, ನನ್ನ ಕಣ್ಣೆದುರಿನಲ್ಲಿ ಹಾಕಿದ ಸಹಿ ಅದು. ಅದನ್ನು ಒಂದು ಮಡಿಕೆ ಬೀಳದ ಹಾಗೆ, ಒಂದು ಹನಿ ನೀರು ತಾಗದ ಹಾಗೆ ಅಷ್ಟು ದೂರದಿಂದ ನಿಮ್ಮ ಊರಿಗೆ ತಂದೆ. ಕಾಗದದ ತುದಿಯಲ್ಲಿ ಏನಿದೆ ಎಂದು ಒಂದು ಮಾತು ಕೇಳದೆ ಕತ್ತರಿಸಿದವನು ಎಂಥ ಮನುಷ್ಯ? ಅವನಿಗೆ ಕಣ್ಣಿರಲಿಲ್ಲವೇ? ಅದನ್ನು ಮುಚ್ಚಿಟ್ಟು ಬರೆದ ನೀನು ಎಂಥ ಟೀಚರು? ಓದಿ ನಾನು ಇಡೀ ದಿನ ಅತ್ತೆ. ಮಳೆ ಮುಗಿದ ಕೂಡಲೇ ನಾನೇ ಬರುತ್ತೇನೆ. ಅಲ್ಲಿಯವರೆಗೆ ಆ ಕತ್ತರಿಯ ಮನುಷ್ಯ ಅದರ ಹತ್ತಿರ ಸುಳಿಯಕೂಡದು.

ಮಾವ ಮೊಣಕಾಲಿನ ಮೇಲೆ ಕೈಯೂರಿ, ತಲೆ ತಗ್ಗಿಸಿ, ಹಾಗೆಯೇ ಕೇಳಿದರು. ಎರಡು ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎಂಟು ವರ್ಷಗಳಲ್ಲಿ ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿರಲಿಲ್ಲ. ಮುಗಿದ ಮೇಲೆ ಗೋಡೆಯ ಪಟದ ಕಡೆ ತಿರುಗಿ ನೋಡಿದರು.

“ಇದು ಅವರದ್ದೇ” ಎಂದರು. ಆಮೇಲೆ ಬೆಂಚಿನ ಮೇಲೆ ನನ್ನ ಹತ್ತಿರಕ್ಕೆ ಸರಿದು ಕುಳಿತರು. “ಇನ್ನೊಮ್ಮೆ ಓದು ಮಗಾ. ಆ ‘ಎಂಥ ಮನುಷ್ಯ’ ಅಂತ ಕೇಳಿದ್ದಾರಲ್ಲ, ಅಲ್ಲಿಂದ.”